ಬಾಗಿಲ ಹೊರಗಿನ ಎರಡು ನಿಮಿಷ: ಆರೋಗ್ಯ ತುರ್ತಿನಲ್ಲಿ ಆಂಬುಲೆನ್ಸ್ ನಿಯಮಗಳು ಹೇಗೆ ಬದಲಾಗುತ್ತವೆ

ಒಂದು ಬಾಗಿಲಿನಿಂದ ಶುರು ಮಾಡ್ತೀನಿ. ಕೋವಿಡ್ ಕಾಲ. ಮೂರನೇ ಮಹಡಿಯ ಮನೆ. ಒಳಗೆ ಒಬ್ಬರು ಕುಸಿದು ಬಿದ್ದಿದ್ದಾರೆ, ಉಸಿರಿಲ್ಲ. ಬಾಗಿಲ ಹೊರಗೆ ಆಂಬುಲೆನ್ಸಿನ ಇಬ್ಬರು ನಿಂತಿದ್ದಾರೆ. ಒಬ್ಬರು ಗೌನಿನ ತೋಳಿಗೆ ಕೈ ತೂರಿಸುತ್ತಿದ್ದಾರೆ. ಇನ್ನೊಬ್ಬರು ಮಾಸ್ಕಿನ ಪಟ್ಟಿಯನ್ನು ಮೂಗಿನ ಮೇಲೆ ಒತ್ತಿ ಕೂರಿಸುತ್ತಿದ್ದಾರೆ. ಬೆವರಿದ ಕೈಗೆ ಗ್ಲೌಸ್ ಏರುತ್ತಿಲ್ಲ. ಒಳಗಿನಿಂದ ಮಗಳು ಕೂಗುತ್ತಿದ್ದಾಳೆ: "ಬೇಗ ಬನ್ನಿ, ಯಾಕೆ ಅಲ್ಲೇ ನಿಂತಿದ್ದೀರಾ?"

ಹೃದಯ ನಿಂತಾಗ ಎದೆ ಒತ್ತುವವರು ಯಾರೂ ಇಲ್ಲದಿದ್ದರೆ, ಬದುಕುವ ಸಾಧ್ಯತೆ ನಿಮಿಷಕ್ಕೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಅಂದರೆ ಆ ಇಬ್ಬರು ಅಲ್ಲಿ ಕಳೆಯುವ ಎರಡು ನಿಮಿಷ ಸಣ್ಣದಲ್ಲ. ಹಾಗಂತ ಕಿಟ್ ಹಾಕದೆ ನುಗ್ಗಿದರೆ? ಅವರಿಗೆ ಸೋಂಕು ತಗುಲಿದರೆ ನಾಳೆಯಿಂದ ಹತ್ತು ಹದಿನಾಲ್ಕು ದಿನ ಅವರ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆ ಗಾಡಿ ಮುಟ್ಟಬೇಕಾಗಿದ್ದ ಮನೆಗಳ ಗತಿ ಏನು?

2020ರ ಏಪ್ರಿಲ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದಕ್ಕೆ ಒಂದು ಉತ್ತರ ಕೊಟ್ಟಿತು. ಮೊದಲು ಕಿಟ್, ಆಮೇಲೆ ಒಳಗೆ. ಒಳಗೆ ಹೋಗುವವರು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಇರಲಿ. ಉಸಿರು ಕೊಡುವ ಉಪಕರಣಕ್ಕೆ ಫಿಲ್ಟರ್ ಇರಲಿ. ಕಾಗದದ ಮೇಲೆ ಇದು ಮೂರು ಸಾಲು. ಆ ಮಗಳ ಪಾಲಿಗೆ ಇದು, ಬಂದ ಮೇಲೂ ಒಳಗೆ ಬಾರದೆ ಹೊರಗೇ ನಿಂತ ಇಬ್ಬರು.

ಈ ಬಾಗಿಲನ್ನು ಈ ಹೊತ್ತೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಯಮ ಬರೆಯುವುದು ಕಚೇರಿಯಲ್ಲಿ, ಆದರೆ ಅದು ಸರಿಯೋ ತಪ್ಪೋ ಅಂತ ತಿಳಿಯುವುದು ಈ ಬಾಗಿಲಲ್ಲಿ. ತುರ್ತಿನ ಕಾಲದಲ್ಲಿ ಬದಲಾಗುವ ಪ್ರತಿ ನಿಯಮವೂ ಒಬ್ಬರಿಂದ ಏನನ್ನೋ ತೆಗೆದು ಇನ್ನೊಬ್ಬರಿಗೆ ಕೊಡುತ್ತದೆ. ಯಾರಿಂದ, ಯಾಕೆ, ಎಲ್ಲಿಯ ತನಕ ಎಂಬುದನ್ನು ಆ ನಿಯಮವೇ ಬಾಯಿಬಿಟ್ಟು ಹೇಳಬೇಕು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಇಟಲಿಯ ಲೊಂಬಾರ್ಡಿಯನ್ನು ನೋಡಿ. 2020ರ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯ ತನಕ ಅಲ್ಲಿನ ಲೋದಿ, ಕ್ರೆಮೋನಾ, ಪಾವಿಯಾ, ಮಾಂಟೊವಾ ಎಂಬ ನಾಲ್ಕು ಪ್ರಾಂತ್ಯಗಳ ಲೆಕ್ಕ ತೆಗೆದರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರು ಹಿಂದಿನ ವರ್ಷ 229, ಆ ವರ್ಷ 362. ಶೇ. 58ರಷ್ಟು ಜಾಸ್ತಿ. ಆಂಬುಲೆನ್ಸ್ ತಲುಪುವ ಹೊತ್ತಿಗೆ 3 ನಿಮಿಷ ಹೆಚ್ಚು ಹಿಡಿಯಿತು. ಅಕ್ಕಪಕ್ಕದವರು ಸಿಪಿಆರ್, ಅಂದರೆ ಎದೆ ಒತ್ತಿ ಜೀವ ಉಳಿಸುವ ಪ್ರಯತ್ನ, ಮಾಡುವುದೂ ಎದ್ದು ಕಾಣುವಷ್ಟು ಕಡಿಮೆಯಾಯಿತು. ಎಲ್ಲ ಸಾವೂ ವೈರಸ್ಸಿನ ಲೆಕ್ಕಕ್ಕೇ ಸೇರಿದ್ದಲ್ಲ ಎಂಬುದನ್ನು ಗಮನಿಸಿ. ಕೆಲವರಿಗೆ ಆಸ್ಪತ್ರೆ ಅಂದರೆ ಭಯ, ಕೆಲವರಿಗೆ ಗಾಡಿ ತಡ, ಕೆಲವರನ್ನು ಮುಟ್ಟಲು ಪಕ್ಕದವರಿಗೆ ಹೆದರಿಕೆ. ನಿಯಮ ಬದಲಾಯಿಸುವಾಗ ಕಣ್ಣೆದುರು ಇರುವ ರೋಗವನ್ನು ಮಾತ್ರ ನೋಡಿದರೆ ಸಾಲದು ಎನ್ನುವುದಕ್ಕೆ ಇದನ್ನು ಹೇಳಿದೆ. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೆರಿಗೆ ಇವಕ್ಕೆಲ್ಲ ತುರ್ತು ಘೋಷಣೆ ಆಗಿರುವುದು ಗೊತ್ತಿರುವುದಿಲ್ಲ.

ಈಗ ಬಾಗಿಲಿಗಿಂತ ಒಂದು ಹೆಜ್ಜೆ ಹಿಂದೆ ಹೋಗೋಣ, ಫೋನ್ ಹತ್ತಿರ. ಎಲ್ಲ ಬದಲಾವಣೆಯೂ ಮೊದಲು ಕಾಣುವುದು ಅಲ್ಲೇ. ಕರೆ ಎತ್ತುವವರು ಕೇಳುವ ಪ್ರಶ್ನೆಗಳಿಗೆ ಎರಡು ಮೂರು ಹೊಸ ಪ್ರಶ್ನೆ ಸೇರುತ್ತವೆ. ಜ್ವರ ಇದೆಯಾ? ಕೆಮ್ಮು? ಇಂಥ ಕಡೆ ಹೋಗಿ ಬಂದಿದ್ದೀರಾ? 2014ರಲ್ಲಿ ಎಬೋಲಾ ಬಂದಾಗ ಪಶ್ಚಿಮ ಆಫ್ರಿಕಾ ಪ್ರಯಾಣದ ಪ್ರಶ್ನೆ ಬಹಳ ಕೆಲಸಕ್ಕೆ ಬಂತು, ಯಾಕೆಂದರೆ ಉಳಿದ ದೇಶಗಳಲ್ಲಿ ಆ ರೋಗ ಊರೊಳಗೆ ಹರಡಿರಲಿಲ್ಲ. ಅದೇ ಪ್ರಶ್ನೆಯನ್ನು 2020ರ ಮಾರ್ಚ್‌ನಲ್ಲಿ ಕೇಳುತ್ತಾ ಕೂತವರು ಮೋಸ ಹೋದರು. ರೋಗ ಬೀದಿಗೆ ಇಳಿದ ಮೇಲೆ "ವಿದೇಶಕ್ಕೆ ಹೋಗಿದ್ರಾ" ಅಂತ ಕೇಳಿ ಏನು ಪ್ರಯೋಜನ? "ಇಲ್ಲ" ಎಂಬ ಉತ್ತರ ಬಂದ ತಕ್ಷಣ ಸಿಬ್ಬಂದಿ ಮಾಸ್ಕ್ ಇಲ್ಲದೆ ಒಳಗೆ ಹೋಗುತ್ತಾರೆ. ಹಳಸಿದ ಪ್ರಶ್ನೆ ಪ್ರಶ್ನೆಯೇ ಇಲ್ಲದಿರುವುದಕ್ಕಿಂತ ಅಪಾಯ, ಯಾಕೆಂದರೆ ಅದು ಸುಮ್ನೆ ಧೈರ್ಯ ಕೊಡುತ್ತದೆ.

ವಾಷಿಂಗ್ಟನ್ ರಾಜ್ಯದ ಕಿರ್ಕ್‌ಲೆಂಡ್‌ನಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. 2020ರ ಫೆಬ್ರವರಿ. ಅಲ್ಲಿನ ಒಂದು ವೃದ್ಧರ ಆರೈಕೆ ಕೇಂದ್ರದಿಂದ ಮೇಲಿಂದ ಮೇಲೆ ಕರೆ. ಅಲ್ಲಿ ಆಂಬುಲೆನ್ಸ್ ಕರೆಗೆ ಅಗ್ನಿಶಾಮಕ ದಳದವರೂ ಓಡುತ್ತಾರೆ. ಅಲ್ಲಿರುವುದು ಕೋವಿಡ್ ಅಂತ ಆಗ ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಸಿಬ್ಬಂದಿ ಕ್ವಾರಂಟೈನ್‌ಗೆ ಹೋಗಬೇಕಾಯಿತು. ಚಿಕ್ಕ ಊರಿನ ದಳಕ್ಕೆ ಇದು ಎಂಥ ಪೆಟ್ಟು ಅಂತ ನಿಮಗೇ ಗೊತ್ತು. ಆಮೇಲೆ ಕಿರ್ಕ್‌ಲೆಂಡ್ ಇರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕೆಲಸದ ರೀತಿಯೇ ಬದಲಾಯಿತು. ಕರೆ ಕೇಂದ್ರದಿಂದಲೇ ಗಾಡಿಗೆ ಎಚ್ಚರಿಕೆ ಹೋಗತೊಡಗಿತು. ಎಲ್ಲರೂ ನುಗ್ಗುವ ಬದಲು ಪೂರ್ತಿ ಕಿಟ್ ಹಾಕಿದ ಒಬ್ಬರೇ ಮೊದಲು ಒಳಗೆ ಹೋಗಿ ನೋಡುವ ಪದ್ಧತಿ ಬಂತು. ನಡೆಯಬಲ್ಲ ರೋಗಿಗೆ "ನೀವೇ ಹೊರಗೆ ಬರ್ತೀರಾ" ಅಂತ ಕೇಳತೊಡಗಿದರು. ದೊಡ್ಡ ಖರ್ಚಿಲ್ಲ, ಹೊಸ ಯಂತ್ರವಿಲ್ಲ. ಕಿಟ್ ಉಳಿಯಿತು, ಜನ ಉಳಿದರು.

ಫೋನಿನ ಬಗ್ಗೆ ಇನ್ನೂ ಒಂದು ಮಾತಿದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕರೆ ಎತ್ತಿದವರು ಸಾಮಾನ್ಯ ದಿನಗಳಲ್ಲಿ ಏನು ಮಾಡುತ್ತಾರೆ? "ಅವರ ಎದೆ ಮಧ್ಯೆ ಎರಡೂ ಕೈ ಇಡಿ, ಜೋರಾಗಿ ಒತ್ತಿ, ನಾನು ಎಣಿಸ್ತೀನಿ" ಅಂತ ಫೋನಿನಲ್ಲೇ ಸಿಪಿಆರ್ ಮಾಡಿಸುತ್ತಾರೆ. ಸೋಂಕಿನ ಕಾಲದಲ್ಲಿ ಹಾಗೆ ಮಾಡಿಸಬಹುದಾ ಎಂಬ ಪ್ರಶ್ನೆ ಎದ್ದಿತು. ನ್ಯಾಯವಾದ ಪ್ರಶ್ನೆಯೇ. ಸಿಯಾಟಲ್‌ನ ವೈದ್ಯರು ಕೂತು ಲೆಕ್ಕ ಹಾಕಿದರು. ಅವರಲ್ಲಿ ಆಗ ಹೃದಯ ನಿಂತವರ ಪೈಕಿ ಕೋವಿಡ್ ಇದ್ದವರು ಶೇ. 10ಕ್ಕಿಂತ ಕಡಿಮೆ. ಸೋಂಕು ದಾಟುವ ಸಾಧ್ಯತೆ, ದಾಟಿದರೆ ಸಾಯುವ ಸಾಧ್ಯತೆ ಎಲ್ಲವನ್ನೂ ಸೇರಿಸಿ ಅಂದಾಜು ಮಾಡಿದಾಗ, 10,000 ಸಲ ಜನರು ಸಿಪಿಆರ್ ಮಾಡಿದರೆ ಮಾಡಿದವರಲ್ಲಿ ಒಬ್ಬರು ಜೀವ ಕಳೆದುಕೊಳ್ಳಬಹುದು. ಅದೇ 10,000 ಸಲದಲ್ಲಿ ಉಳಿಯುವ ಜೀವ 300ಕ್ಕೂ ಹೆಚ್ಚು. ಹಾಗಾಗಿ ನಿಯಮ ನಿಲ್ಲಿಸಲಿಲ್ಲ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವ ಅಗತ್ಯವಿಲ್ಲ, ಬಿದ್ದವರ ಮೂಗು ಬಾಯಿ ಮೇಲೆ ಬಟ್ಟೆ ಹಾಕಿ, ಎದೆ ಮಾತ್ರ ಒತ್ತಿ ಎಂಬ ಸಲಹೆ ಅನೇಕ ಕಡೆ ಬಂತು.

ಇನ್ನೊಂದು ವಿಷಯ ಇದೆ. ಮನೆಯಲ್ಲಿ ಬಿದ್ದವರ ಪಕ್ಕ ಇರುವುದು ಬಹಳ ಸಲ ಮನೆಯವರೇ. ಆ ಮಗಳು ಅಪ್ಪನ ಜೊತೆ ಅದೇ ಗಾಳಿಯನ್ನು ವಾರದಿಂದ ಉಸಿರಾಡುತ್ತಿದ್ದಾಳೆ. ಆಂಬುಲೆನ್ಸಿನವರು ಹೊರಗೆ ಗ್ಲೌಸ್ ಹಾಕುತ್ತಿರುವಾಗ ಒಳಗೆ ಆಕೆಯ ಕೈ ಎದೆಯ ಮೇಲೆ ಇರಬೇಕು, ಕಿವಿಯಲ್ಲಿ ಎಣಿಕೆ ಕೇಳುತ್ತಿರಬೇಕು. ಕಿಟ್ ಹಾಕುವ ನಿಯಮ ಬರೆದವರು ಫೋನಿನ ನಿಯಮವನ್ನು ಅದೇ ದಿನ ಬಲಪಡಿಸಿದರೆ ಮಾತ್ರ ಆ ಎರಡು ನಿಮಿಷ ತುಂಬುತ್ತದೆ. ಎರಡನ್ನೂ ಬೇರೆ ಬೇರೆ ಮೇಜಿನಲ್ಲಿ ಬರೆದರೆ ನಡುವೆ ಇರುವ ರೋಗಿ ಹೋಗುತ್ತಾನೆ. ಇದನ್ನು ಯಾರಾದರೂ ಕಚೇರಿಯವರು ಬರೆದುಕೊಂಡರೆ ನನಗೆ ಸಂತೋಷ.

ಕರೆಗಳೇ ಹೆಚ್ಚಾಗಿ ಗಾಡಿ ಸಾಲದಿದ್ದರೆ? ನ್ಯೂಯಾರ್ಕ್‌ನಲ್ಲಿ ದಿನಕ್ಕೆ ಸುಮಾರು 4,000 ಇರುತ್ತಿದ್ದ ಕರೆಗಳು 2020ರ ಮಾರ್ಚ್ ಕೊನೆಗೆ 6,000 ದಾಟಿದವು. ಹೊರಗಿನಿಂದ 250 ಆಂಬುಲೆನ್ಸ್ ತರಿಸಬೇಕಾಯಿತು. ಅಷ್ಟು ತರಿಸಿದರೂ ಎಲ್ಲ ಕರೆಗೂ ಗಾಡಿ ಕಳಿಸಲು ಆಗುವುದಿಲ್ಲ. ಅದಕ್ಕೆಂದೇ ಮೊದಲೇ ಬರೆದಿಟ್ಟ ಒಂದು ವ್ಯವಸ್ಥೆ ಇದೆ. ಜಗತ್ತಿನ ಅನೇಕ ಕರೆ ಕೇಂದ್ರಗಳು ಬಳಸುವ ಪ್ರಶ್ನಾವಳಿಯಲ್ಲಿ ಅದು 36ನೇ ಪ್ರೊಟೋಕಾಲ್. 0ಯಿಂದ 3ರ ತನಕ ಹಂತಗಳು. ಊರಿನ ಪರಿಸ್ಥಿತಿ ನೋಡಿ ಅಲ್ಲಿನ ಮೆಡಿಕಲ್ ಡೈರೆಕ್ಟರ್ ಹಂತ ನಿರ್ಧರಿಸುತ್ತಾರೆ. ಹಂತ ಏರಿದಂತೆ ಸೌಮ್ಯ ಲಕ್ಷಣದವರಿಗೆ ಗಾಡಿಯ ಬದಲು ಫೋನಿನಲ್ಲೇ ಸಲಹೆ ಸಿಗುತ್ತದೆ. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ, ಆ ಗಡಿಬಿಡಿಯಲ್ಲಿ ಕೂತು ಬರೆದದ್ದಲ್ಲ ಅದು. ತಲೆ ತಣ್ಣಗಿದ್ದಾಗ ಬರೆದದ್ದು.

"ಗಾಡಿ ಕಳಿಸುವುದಿಲ್ಲ" ಎಂದು ಹೇಳುವುದು ಸುಲಭದ ಮಾತಲ್ಲ. ಹೇಳಿದ ಮೇಲೆ ಬಿಟ್ಟುಬಿಡುವ ಹಾಗೂ ಇಲ್ಲ. ಉಸಿರಿಗೆ ಕಷ್ಟವಾದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಮತ್ತೆ ಫೋನ್ ಮಾಡಿ ಎಂದು ಬಿಡಿಸಿ ಹೇಳಬೇಕು. ಸಾಧ್ಯವಾದರೆ ನಾಲ್ಕಾರು ಗಂಟೆ ಬಿಟ್ಟು ಕೇಂದ್ರದವರೇ ಫೋನ್ ಮಾಡಿ ವಿಚಾರಿಸಬೇಕು. ಮನೆಗೆ ಹೋಗಿ ನೋಡಿ ಅಲ್ಲೇ ಔಷಧ ಕೊಟ್ಟು ಬಂದ ಸಿಬ್ಬಂದಿಗೂ ಇದೇ ಮಾತು.

ಇಲ್ಲಿ ಹಣದ ವಿಷಯವೂ ಬರುತ್ತದೆ. ಅಮೆರಿಕದ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಲ್ಲಿ ಆಂಬುಲೆನ್ಸಿಗೆ ದುಡ್ಡು ಸಿಗುವುದು ರೋಗಿಯನ್ನು ಸಾಗಿಸಿದರೆ ಮಾತ್ರ. "ಸುಮ್ಮನೆ ಆಸ್ಪತ್ರೆಗೆ ತರಬೇಡಿ" ಎಂದು ಸ್ಥಳೀಯ ನಿಯಮ ಹೇಳಿತು, ಸಿಬ್ಬಂದಿ ಪಾಲಿಸಿದರು, ದುಡ್ಡು ಬರಲಿಲ್ಲ. 2020ರಲ್ಲಿ ಚಿಕ್ಕ ಕ್ಲಿನಿಕ್‌ಗಳಿಗೂ ಸಾಗಿಸಬಹುದು ಎಂದು ಸಡಿಲಿಕೆ ಬಂತು. ಮನೆಯಲ್ಲೇ ನೋಡಿ ಬಿಟ್ಟು ಬಂದಿದ್ದಕ್ಕೂ ಹಣ ಎಂಬ ಸಡಿಲಿಕೆ ಬಂದಿದ್ದು 2021ರಲ್ಲಿ, ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ನಿಯಮವನ್ನು ಪಾಲಿಸಿದವರೇ ನಷ್ಟ ಹೊತ್ತರು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಲಾಸ್ ಏಂಜಲೀಸ್ ಕೌಂಟಿ, 2021ರ ಜನವರಿಯ ಮೊದಲ ವಾರ. ಆಸ್ಪತ್ರೆಗಳು ತುಂಬಿವೆ. ಬಾಗಿಲ ಮುಂದೆ ಆಂಬುಲೆನ್ಸುಗಳು ಗಂಟೆಗಟ್ಟಲೆ ಸಾಲು ನಿಂತಿವೆ, ರೋಗಿ ಇನ್ನೂ ಸ್ಟ್ರೆಚರ್ ಮೇಲೆ. ಆಗ ಕೌಂಟಿಯ ತುರ್ತು ಸೇವಾ ಸಂಸ್ಥೆ ಎರಡು ಆದೇಶ ಹೊರಡಿಸಿತು.

ಮೊದಲನೆಯದು ಆಕ್ಸಿಜನ್. ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇ. 90ಕ್ಕಿಂತ ಕೆಳಗಿದ್ದರೆ ಮಾತ್ರ ಕೊಡಿ. ಸಾಮಾನ್ಯ ದಿನಗಳಲ್ಲಿ 94ರ ಆಸುಪಾಸು ಇರಲಿ ಅಂತ ನೋಡುತ್ತೇವೆ. ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರ 91 ತೋರಿಸುತ್ತಿದೆ, ಸಿಲಿಂಡರ್ ಕೈಯಳತೆಯಲ್ಲೇ ಇದೆ, ಆದರೂ ತಿರುಗಿಸಬಾರದು. ಇಪ್ಪತ್ತು ವರ್ಷ ಬೇರೆ ರೀತಿ ಕೆಲಸ ಮಾಡಿದ ಕೈಗೆ ಇದು ಎಷ್ಟು ಕಷ್ಟ, ಯೋಚನೆ ಮಾಡಿ. ಯಾಕೆ ಹೀಗೆ? ಸಾಗಿಸುವ ಸಿಲಿಂಡರ್‌ಗಳು ಸಾಲುತ್ತಿರಲಿಲ್ಲ. ಆಸ್ಪತ್ರೆಗಳ ಹಳೆಯ ಪೈಪುಗಳಿಗೆ ಏಕಕಾಲಕ್ಕೆ ಅಷ್ಟೊಂದು ರೋಗಿಗಳಿಗೆ ಒತ್ತಡ ಕೊಡುವ ಶಕ್ತಿ ಇರಲಿಲ್ಲ. ಅದನ್ನು ಸರಿಪಡಿಸಲು ಸೇನೆಯ ಎಂಜಿನಿಯರ್‌ಗಳೇ ಬರಬೇಕಾಯಿತು. 90 ಇದ್ದರೆ ಹೆಚ್ಚಿನ ರೋಗಿಗಳ ಅಂಗಾಂಗಗಳಿಗೆ ಸಾಕಾಗುತ್ತದೆ ಎಂಬ ವೈದ್ಯಕೀಯ ಆಧಾರವೂ ಇತ್ತು. ಈ ಆದೇಶದಲ್ಲಿ ಕಾರಣ ಇತ್ತು, ಅಳತೆ ಇತ್ತು. ನನ್ನ ದೃಷ್ಟಿಯಲ್ಲಿ ಇದು ಕಠಿಣ ಆದರೂ ಪ್ರಾಮಾಣಿಕ ನಿಯಮ.

ಎರಡನೆಯದು ಹೃದಯ ನಿಂತವರ ಬಗ್ಗೆ. ಸ್ಥಳದಲ್ಲೇ ಕನಿಷ್ಠ 20 ನಿಮಿಷ ಪೂರ್ತಿ ಪ್ರಯತ್ನ ಮಾಡಿ. ನಾಡಿ ಮರಳದಿದ್ದರೆ ಆಸ್ಪತ್ರೆಗೆ ಸಾಗಿಸಬೇಡಿ. ಇದು ಹೊರಬಂದ ದಿನ ಜನರಿಗೆ ತಲುಪಿದ್ದು ಬೇರೆ ಮಾತು: "ಬದುಕುವ ಆಸೆ ಕಡಿಮೆ ಇದ್ದವರನ್ನು ಆಂಬುಲೆನ್ಸ್ ಕರೆದೊಯ್ಯುವುದಿಲ್ಲವಂತೆ." ಎಷ್ಟು ಜನ ಹೆದರಿರಬಹುದು ನೋಡಿ. ಎದೆ ನೋವು ಬಂದ ಅಜ್ಜಿಗೆ "ನಮ್ಮಂಥವರನ್ನು ಒಯ್ಯಲ್ಲ ಬಿಡು" ಅಂತ ಅನ್ನಿಸಿದರೆ ಅವರು ಫೋನೇ ಮಾಡುವುದಿಲ್ಲ. ಅಧಿಕಾರಿಗಳು ಆಮೇಲೆ ವಿವರಿಸಿದರು. ಆದರೆ ನಿಯಮದ ಜೊತೆಗೇ ಜನರಿಗೆ ಅರ್ಥವಾಗುವ ನಾಲ್ಕು ಸಾಲು ಹೋಗಬೇಕು, ಮರುದಿನ ಅಲ್ಲ.

ಇದೇ ಮಾದರಿಯ ನಿಯಮ 2020ರ ಏಪ್ರಿಲ್ ಆರಂಭದಲ್ಲೇ ನ್ಯೂಯಾರ್ಕ್ ನಗರದಲ್ಲಿ ಬಂದಿತ್ತು. ಆ ವಸಂತದ ಎಂಟು ವಾರಗಳಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತು ಸಿಬ್ಬಂದಿ ಪ್ರಯತ್ನಿಸಿದವರು 3,989. ಹಿಂದಿನ ವರ್ಷ ಅದೇ ಅವಧಿಯಲ್ಲಿ 1,336. ಮೂರು ಪಟ್ಟು. ಏಪ್ರಿಲ್ ಮಧ್ಯದಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೋದಾಗ ನಾಡಿಯೇ ಇಲ್ಲದಿದ್ದರೆ ಪ್ರಯತ್ನವನ್ನೇ ಮಾಡಬೇಡಿ ಎಂಬ ಮಾರ್ಗಸೂಚಿ ಹೊರಡಿಸಿತು. ಸಿಬ್ಬಂದಿ ಸಿಡಿದೆದ್ದರು. ನಗರದ ಅಗ್ನಿಶಾಮಕ ಇಲಾಖೆ ತಾನು ಪಾಲಿಸುವುದಿಲ್ಲ, ಪ್ರಯತ್ನ ಮುಂದುವರಿಸುತ್ತೇವೆ ಎಂದಿತು. ಕೆಲವೇ ದಿನಗಳಲ್ಲಿ ರಾಜ್ಯ ಆ ಮಾರ್ಗಸೂಚಿಯನ್ನು ವಾಪಸ್ ಪಡೆಯಿತು.

ಈ ಎರಡು ನಿಯಮಗಳ ನಡುವಿನ ಅಂತರ ಮುಖ್ಯ. 20 ನಿಮಿಷ ಒತ್ತಿ, ಆಮೇಲೆ ನಿಲ್ಲಿಸುವುದಕ್ಕೆ ವೈದ್ಯಕೀಯ ಆಧಾರ ಇದೆ. ಓಡುವ ಗಾಡಿಯಲ್ಲಿ ಒತ್ತುವುದಕ್ಕಿಂತ ನೆಲದ ಮೇಲೆ ಒತ್ತುವುದೇ ಚೆನ್ನಾಗಿ ಆಗುತ್ತದೆ. ಮುಟ್ಟದೆಯೇ ಬಿಡಿ ಎನ್ನುವುದು ಬೇರೆ. ಆ ಕೆಲಸಕ್ಕೆ ಬಂದವರ ಮನಸ್ಸಿನ ಬುಡಕ್ಕೇ ಕೈ ಹಾಕಿದ ಹಾಗೆ. ನಿಯಮ ಬರೆಯುವ ಮುಂಚೆ ಗಾಡಿ ಓಡಿಸುವ ಹತ್ತು ಜನರನ್ನು ಕೂರಿಸಿ ಕೇಳಿದ್ದರೆ ಆ ಗದ್ದಲ ಆಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಸಿಬ್ಬಂದಿಯ ಮಾತು ಬಂದಿದ್ದರಿಂದ ಸ್ವಲ್ಪ ಹಿಂದಕ್ಕೆ, 2003ರ ಟೊರೊಂಟೊಗೆ. ಸಾರ್ಸ್ ಎಂಬ ಉಸಿರಾಟದ ಸೋಂಕು ಬಂದಾಗ ಅಲ್ಲಿ ಆಂಬುಲೆನ್ಸಿನಲ್ಲಿ ಚಿಕಿತ್ಸೆ ಕೊಡುವ ಸುಮಾರು 850 ಪ್ಯಾರಾಮೆಡಿಕ್‌ಗಳು. ಅವರಲ್ಲಿ 436 ಜನ 10 ದಿನ ಮನೆಯಲ್ಲಿ ಕ್ವಾರಂಟೈನ್ ಆಗಬೇಕಾಯಿತು. ಅರ್ಧಕ್ಕರ್ಧ! ಅಲ್ಲಿಂದ ಬಂದ ಒಂದು ಒಳ್ಳೆಯ ವ್ಯವಸ್ಥೆ ಇವತ್ತಿಗೂ ಹೇಳುವಂಥದ್ದು. ರೋಗ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಗಳ ಜೊತೆಗೇ ಹೋಗುತ್ತಿತ್ತು. ಹಾಗಾಗಿ ಇಡೀ ಪ್ರಾಂತ್ಯಕ್ಕೆ ಒಂದೇ ಕೇಂದ್ರ ಮಾಡಿದರು. ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸುವ ಮೊದಲು ಅಲ್ಲಿಂದ ಅನುಮತಿ ಸಂಖ್ಯೆ ಪಡೆಯಬೇಕು. ಸಂಖ್ಯೆ ಇಲ್ಲದೆ ಗಾಡಿ ಹೊರಡುವಂತಿಲ್ಲ.

ಕ್ವಾರಂಟೈನ್ ಆದ ಸಿಬ್ಬಂದಿಗೆ ಸಂಬಳ ಸಿಗುತ್ತದಾ, ಮನೆಯಲ್ಲಿ ವಯಸ್ಸಾದವರಿದ್ದರೆ ಉಳಿಯಲು ಬೇರೆ ಜಾಗ ಇದೆಯಾ, ಇವನ್ನು ನಿಯಮದಲ್ಲಿ ಬರೆಯದಿದ್ದರೆ ಜ್ವರ ಬಂದವರು ಮಾತ್ರೆ ನುಂಗಿ ಶಿಫ್ಟ್‌ಗೆ ಬರುತ್ತಾರೆ. ಅವರನ್ನು ಬಯ್ದು ಫಲವಿಲ್ಲ.

ಒಂದು ಸಣ್ಣ ವಸ್ತು ತಂದಿದ್ದೇನೆ, ತೋರಿಸುತ್ತೇನೆ. ಇದು ನೆಬ್ಯುಲೈಸರ್ ಮಾಸ್ಕ್. ಆಸ್ತಮಾ ರೋಗಿಗೆ ಔಷಧವನ್ನು ಹಬೆಯ ಹಾಗೆ ಕೊಡುತ್ತೇವೆ. ಪಕ್ಕದ ಈ ತೂತುಗಳನ್ನು ನೋಡಿ. ರೋಗಿ ಬಿಟ್ಟ ಉಸಿರು, ಹಬೆ ಎಲ್ಲವೂ ಇಲ್ಲಿಂದಲೇ ಹೊರಗೆ. ಆಂಬುಲೆನ್ಸಿನ ಹಿಂಭಾಗ ಎಷ್ಟು ಇಕ್ಕಟ್ಟು ಅಂತ ನಿಮಗೆ ಗೊತ್ತು. ಇನ್ನೊಂದು ಕೈಯಲ್ಲಿರುವುದು ಸ್ಪೇಸರ್, ಒಂದು ಪ್ಲಾಸ್ಟಿಕ್ ಕೊಳವೆ ಅಷ್ಟೇ. ಒಂದು ತುದಿಗೆ ಇನ್‌ಹೇಲರ್ ಸಿಕ್ಕಿಸಿ ಒತ್ತಿದರೆ ಔಷಧ ಕೊಳವೆಯೊಳಗೆ ನಿಲ್ಲುತ್ತದೆ, ರೋಗಿ ನಿಧಾನವಾಗಿ ಎಳೆದುಕೊಳ್ಳುತ್ತಾರೆ. ಕೋವಿಡ್ ಕಾಲದಲ್ಲಿ ಬಹಳಷ್ಟು ಸೇವೆಗಳು ಅದರಿಂದ ಇದಕ್ಕೆ ಬಂದವು. ಯಾರಿಂದಲೂ ಏನೂ ಕಸಿಯದ ಬದಲಾವಣೆ ಅಪರೂಪ, ಇದು ಹೆಚ್ಚುಕಡಿಮೆ ಅಂಥದ್ದು.

ಕಸಿದ ಬದಲಾವಣೆಯೂ ಅದೇ ಗಾಡಿಯಲ್ಲಿತ್ತು. ಮನೆಯವರು ಜೊತೆಗೆ ಹತ್ತುವಂತಿಲ್ಲ. ಸೋಂಕಿನ ದೃಷ್ಟಿಯಿಂದ ಸರಿ. ಆದರೆ ಎಷ್ಟೋ ಮನೆಯವರು ಕೊನೆಯ ಸಲ ನೋಡಿದ್ದು ಮುಚ್ಚುತ್ತಿರುವ ಆ ಹಿಂಬಾಗಿಲನ್ನು. ಆ ನಿಯಮದ ಕೆಳಗೆ ಇನ್ನೆರಡು ಸಾಲು ಸೇರಿಸಬಹುದಿತ್ತು: ಯಾವ ಆಸ್ಪತ್ರೆ ಎಂದು ಚೀಟಿಯಲ್ಲಿ ಬರೆದು ಕೊಡಿ, ರೋಗಿಯ ಫೋನು ಮತ್ತು ಚಾರ್ಜರ್ ಜೊತೆಗೆ ಹೋಗಲಿ. ಕೆಲವು ಸಿಬ್ಬಂದಿ ತಾವಾಗಿಯೇ ಇದನ್ನು ಮಾಡಿದರು. ನಿಯಮದಲ್ಲಿ ಇದ್ದಿದ್ದರೆ ಎಲ್ಲರೂ ಮಾಡುತ್ತಿದ್ದರು.

ತುರ್ತು ಅಂದರೆ ಸೋಂಕು ಮಾತ್ರ ಅಲ್ಲ, ಅಲ್ವಾ? 2021ರ ಜೂನ್ ಕೊನೆಯ ವಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಭಯಂಕರ ಬಿಸಿಗಾಳಿ. ಶಾಖದಿಂದ ಸತ್ತವರು 619 ಎಂದು ಅಲ್ಲಿನ ಅಧಿಕೃತ ತನಿಖೆ ಹೇಳಿತು. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯೊಳಗೇ ಸತ್ತರು. ಆಂಬುಲೆನ್ಸ್ ಸೇವೆಗೆ ಕರೆಗಳ ರಾಶಿ, ಗಾಡಿ ತಡ. ಬಿಸಿ ಮುಂಚೆಯೇ ಗೊತ್ತಿದ್ದರೂ ಹೆಚ್ಚುವರಿ ವ್ಯವಸ್ಥೆ ಜಾರಿಗೆ ಬಂದದ್ದು ತೀರಾ ತಡವಾಗಿ. ಯಾವ ಮಟ್ಟ ದಾಟಿದರೆ ತುರ್ತು ಯೋಜನೆ ತಾನಾಗಿ ಶುರುವಾಗಬೇಕು ಎಂದು ಮೊದಲೇ ಬರೆದಿರಬೇಕು. ಆ ಹೊತ್ತಿನಲ್ಲಿ ಸಭೆ ಕರೆದು ಯೋಚಿಸುತ್ತಾ ಕೂರಲು ಸಮಯ ಇರುವುದಿಲ್ಲ.

ಶಾಖದ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಫೀನಿಕ್ಸ್ ನಗರದಿಂದ ಬಂದಿದೆ. 2024ರ ಬೇಸಿಗೆಯಿಂದ ಅಲ್ಲಿನ ಅಗ್ನಿಶಾಮಕ ದಳ ಶಾಖಾಘಾತದ ರೋಗಿಯನ್ನು ನೀರು ನಿಲ್ಲುವ ದೊಡ್ಡ ಚೀಲದಲ್ಲಿ ಮಲಗಿಸಿ ಐಸ್ ಸುರಿಯುತ್ತದೆ. ಜಿಪ್ ಎಳೆದು, ತಲೆ ಹೊರಗೆ ಬಿಟ್ಟು, ಆಸ್ಪತ್ರೆ ದಾರಿಯಲ್ಲೇ ಮೈ ತಣ್ಣಗಾಗಿಸುತ್ತದೆ. ಮೊದಲೆಲ್ಲ ಬೇಗ ಸಾಗಿಸುವುದೇ ದೊಡ್ಡದಾಗಿತ್ತು. ಶಾಖಾಘಾತದಲ್ಲಿ ಮೆದುಳು ಉಳಿಯುವುದು ಮೈ ಎಷ್ಟು ಬೇಗ ತಣಿಯಿತು ಎಂಬುದರ ಮೇಲೆ. ಮೊದಲು ತಣಿಸು, ಜೊತೆಗೇ ಸಾಗಿಸು ಎಂದು ಕ್ರಮವನ್ನೇ ಬದಲಿಸಿದರು.

ಕೊನೆಯದಾಗಿ, ಬದಲಾದ ನಿಯಮಗಳು ಎಲ್ಲಿಗೆ ಹೋಗುತ್ತವೆ? ಅಮೆರಿಕದ ಆರೋಗ್ಯ ತುರ್ತು ಘೋಷಣೆ 2023ರ ಮೇ 11ಕ್ಕೆ ಮುಗಿಯಿತು, ಅದಕ್ಕೆ ಕಟ್ಟಿಕೊಂಡಿದ್ದ ಸಡಿಲಿಕೆಗಳೂ ಒಂದೊಂದಾಗಿ ಬಿದ್ದವು. ಮೇಲಿನ ಮಟ್ಟದ ನಿಯಮಗಳಿಗೆ ಹೀಗೆ ಒಂದು ದಿನಾಂಕ ಇರುತ್ತದೆ. ಊರಿನ ಮಟ್ಟದ ಸುತ್ತೋಲೆಗಳಿಗೆ ಬಹಳ ಸಲ ಇರುವುದಿಲ್ಲ. ಒಂದು ಸುತ್ತೋಲೆ ಇನ್ನೊಂದನ್ನು ತಿದ್ದುತ್ತದೆ, ಮೂರನೆಯದು ಎರಡನೆಯದನ್ನು ರದ್ದು ಮಾಡುತ್ತದೆ, ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಮೊದಲನೆಯದು ಅಂಟಿಸಿಯೇ ಇರುತ್ತದೆ. ಮನೆಯವರನ್ನು ಹತ್ತಿಸಬಾರದು ಎಂಬ ನಿಯಮ ಅಗತ್ಯ ಮುಗಿದ ಮೇಲೂ ಅಭ್ಯಾಸವಾಗಿ ಉಳಿದುಬಿಡಬಹುದು. ಸ್ಪೇಸರ್ ಬಳಸುವ ಒಳ್ಳೆಯ ಪದ್ಧತಿ, ಕಪಾಟಿನ ಸ್ಟಾಕ್ ಮುಗಿದ ದಿನ ಸದ್ದಿಲ್ಲದೆ ನಿಂತುಹೋಗಬಹುದು.

ಇಲ್ಲಿ ಆಂಬುಲೆನ್ಸ್ ಸೇವೆಯ ಕಚೇರಿಗಳಲ್ಲಿ ಕೆಲಸ ಮಾಡುವವರು ಹಲವರು ಇದ್ದೀರಿ. ನಾಳೆ ಹೋದಾಗ 2020 ಮತ್ತು 2021ರ ಫೈಲ್ ತೆಗೆಸಿ. ಒಂದೊಂದು ಸುತ್ತೋಲೆಯ ಪಕ್ಕದಲ್ಲೂ ಮೂರು ವಿಷಯ ಗುರುತು ಮಾಡಿ: ಮುಗಿಯುವ ದಿನಾಂಕ ಇತ್ತಾ, ಕಾರಣ ಬರೆದಿತ್ತಾ, ಸಹಿ ಹಾಕುವ ಮೊದಲು ಗಾಡಿಯವರನ್ನು ಯಾರಾದರೂ ಕೇಳಿದ್ದರಾ. ಹಾಗೆ ಗುರುತು ಮಾಡಿದ ಹಾಳೆಯನ್ನು ಮುಂದಿನ ಶಿಫ್ಟ್ ಬದಲಾಗುವ ಹೊತ್ತಿಗೆ ಗಾಡಿಗಳ ಹತ್ತಿರ ತೆಗೆದುಕೊಂಡು ಹೋಗಿ. ಅವರು ಹೇಳುವುದನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಿ.